ಹಳೇ ಬೆಲ್ಟಿನ ಶ್ರುತಿ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಸಂಗೀತ ಬಾರದು. ನಾಲ್ಕು ಸಾಲು ನೆಟ್ಟಗೆ ಬರೆಯುವುದನ್ನು ಕಲಿತದ್ದೂ ಮೂವತ್ತು ದಾಟಿದ ಮೇಲೆ, ಸಂಜೆ ತರಗತಿಯಲ್ಲಿ, ದಿನವಿಡೀ ನಿಂತು ಇಸ್ತ್ರಿ ಮಾಡಿ ಊದಿಕೊಂಡ ಕಾಲುಗಳನ್ನು ಬೆಂಚಿನ ಕೆಳಗೆ ಚಾಚಿಕೊಂಡು. ನನ್ನ ತಮ್ಮನ ಬಗ್ಗೆ ಬರೆಯಲು ಯೋಗ್ಯರಾದವರು ಬೇರೆ ಇದ್ದಾರೆ. ಅವನ ಜೊತೆ ನುಡಿಸಿದವರಿದ್ದಾರೆ, ಅವನ ರೆಕಾರ್ಡು ಕೊಂಡವರಿದ್ದಾರೆ. ಆದರೆ ಆ ಹದಿನೇಳು ದಿನಗಳಲ್ಲಿ ಏನಾಯಿತೆಂದು ಪೂರ್ತಿ ಬಲ್ಲವಳು ನಾನೊಬ್ಬಳೇ. ತಪ್ಪು ಮಾಡಿದವಳೂ ನಾನೇ. ಬೇರೆಯವರಿಂದ ಹೇಗೆ ಬರೆಸಲಿ?

ರಾಕ್ ಸಂಗೀತದವರು ಅವನನ್ನು 'ಏಳುಕೈ' ಎಂದು ಕರೆಯುತ್ತಾರೆ. ಗಿಟಾರ್, ಬೇಸ್, ಡ್ರಮ್ಸ್, ಕೀಬೋರ್ಡ್, ಟ್ರಂಪೆಟ್, ಮೌತ್ ಆರ್ಗನ್, ಮ್ಯಾಂಡೊಲಿನ್ ಎಲ್ಲ ನುಡಿಸುತ್ತಾನೆ. ಯಾವುದನ್ನೂ ಯಾರ ಹತ್ತಿರವೂ ಕೂತು ಕಲಿತವನಲ್ಲ. ಹದಿನೆಂಟರಲ್ಲಿ ಯಾವುದೋ ಬ್ಯಾಂಡಿನ ಡ್ರಮ್ಮರ್ ಮಣಿಕಟ್ಟು ಮುರಿದುಕೊಂಡಾಗ ಅವನ ಜಾಗದಲ್ಲಿ ಕೂತ. ಆ ಮೇಲೆ ಇನ್ನೊಂದು ಬ್ಯಾಂಡಿನ ಬೇಸ್‌ನವನಿಗೆ ಮದುವೆಯಾಯಿತು, ಇವನು ಹೋದ. ಕೀಬೋರ್ಡಿನವಳು ಜಗಳವಾಡಿ ಎದ್ದುಹೋದಳು, ಇವನು ಹೋದ. ಹೀಗೆ ಇಪ್ಪತ್ತಮೂರು ವರ್ಷ, ಹತ್ತೊಂಬತ್ತು ಬ್ಯಾಂಡು. ಫೋಟೋಗಳಲ್ಲಿ ಅವನು ಯಾವಾಗಲೂ ಅಂಚಿನಲ್ಲಿ, ಅರ್ಧ ಮೈ ಸ್ಪೀಕರಿನ ಹಿಂದೆ. "ನಿನ್ನ ಮಗ ಇದ್ದಾನಲ್ಲ, ಎಲ್ಲರ ಮನೆಗೂ ನೆಂಟ, ಯಾರ ಮನೆಗೂ ಯಜಮಾನ ಅಲ್ಲ" ಎಂದು ಅಮ್ಮ ಬದುಕಿದ್ದಾಗ ಅಪ್ಪನನ್ನು ಕಿಚಾಯಿಸುತ್ತಿದ್ದಳು. ಒಳ್ಳೆಯದಲ್ಲದ್ದನ್ನು ಮಾಡಿದಾಗ ಅವನು ಅಪ್ಪನ ಮಗ.

ಕೂತಲ್ಲಿ ಕೂರುವ ಜಾತಿಯೇ ಅಲ್ಲ. ನಿಂತೇ ಊಟ ಮಾಡುತ್ತಾನೆ, ತಟ್ಟೆಯ ಅಂಚಿನ ಮೇಲೆ ಬೆರಳು ಕುಟ್ಟುತ್ತಾ. ಬೇರೆ ದಾರಿಯಿಲ್ಲದೆ ಕೂತರೆ ಬಲ ಮೊಣಕಾಲು ಕುಣಿಯುತ್ತಿರುತ್ತದೆ. ಚಿಕ್ಕಂದಿನಲ್ಲಿ ಒಂದೇ ಮಂಚದಲ್ಲಿ ಮಲಗುತ್ತಿದ್ದೆವು. ಆ ಮೊಣಕಾಲಿನ ಪೆಟ್ಟು ನನಗೆ ಚೆನ್ನಾಗಿ ಗೊತ್ತು.

ನಾನು ಕೆಲಸ ಮಾಡುವುದು ಒಂದು ದೊಡ್ಡ ಲಾಂಡ್ರಿಯಲ್ಲಿ. ಆಸ್ಪತ್ರೆ, ಹೋಟೆಲುಗಳ ಚಾದರ, ಟವೆಲುಗಳು, ಜೊತೆಗೆ ಬಿಡಿ ಗಿರಾಕಿಗಳ ಬಟ್ಟೆ, ಕಂಬಳಿ ಬರುತ್ತವೆ. ಅಪ್ಪ ಇದೇ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಕಿವಿ ಪೂರ್ತಿ ಹೋದ ಮೇಲೆ ಟವೆಲು ಮಡಿಸುವ ಮೇಜಿಗೆ ಬಂದರು. ನಿವೃತ್ತಿಯಾದರೂ ಮನೆಯಲ್ಲಿ ಕೂರಲಾಗದೆ ದಿನಾ ಬಂದು ಅದೇ ಮೇಜಿನ ಮುಂದೆ ನಿಲ್ಲುತ್ತಾರೆ. ನಾನು ಈಗ ಮೇಲ್ವಿಚಾರಕಿ. ಗ್ಯಾಸ್ ಆಫ್ ಆಗಿದೆಯೇ ಎಂದು ಮೂರು ಸಲ ನೋಡಿ, ಬೀಗ ಹಾಕಿ, ದಾರಿಯಿಂದ ವಾಪಸು ಬಂದು ನಾಲ್ಕನೇ ಸಲ ನೋಡುವವಳನ್ನು ಇನ್ನು ಯಾವ ಕೆಲಸಕ್ಕೆ ಹಾಕುತ್ತಾರೆ?

ಬಟ್ಟೆ ಒಣಗಿಸುವ ಯಂತ್ರಗಳ ಹಿಂದೆ ಸೋಪಿನ ಮೂಟೆ ಇಡುತ್ತಿದ್ದ ಸಣ್ಣ ಕೋಣೆಯೊಂದಿತ್ತು. ಮಾಲೀಕರ ಒಪ್ಪಿಗೆ ಪಡೆದು ತಮ್ಮ ಅಲ್ಲಿ ತನ್ನ ಸಾಮಾನು ತುಂಬಿದ. ಯಾರೂ ತೆಗೆದುಕೊಂಡು ಹೋಗದೆ ಉಳಿದ ಕಂಬಳಿಗಳನ್ನು ಗೋಡೆಗೆ ಹೊಡೆದ. ಎಲ್ಲಿಂದಲೋ ಎಂಟು ಪಟ್ಟಿಯ ಹಳೇ ಟೇಪ್ ಯಂತ್ರ ತಂದ. ಒಂದು ಪಟ್ಟಿಯಲ್ಲಿ ಡ್ರಮ್ಸ್ ತುಂಬಿಸುವುದು, ಅದನ್ನು ಕೇಳುತ್ತಾ ಇನ್ನೊಂದರಲ್ಲಿ ಬೇಸ್, ಆ ಮೇಲೆ ಗಿಟಾರ್, ಕೊನೆಗೆ ದನಿ. ಇಡೀ ಬ್ಯಾಂಡು ಅವನೊಬ್ಬನೇ. ಡ್ರಮ್ಸಿನ ಹಿಂದೆ ಕೂತವನ ಕೈಗೆ ಟೇಪ್ ಯಂತ್ರದ ಗುಂಡಿ ಎಟುಕುವುದಿಲ್ಲವಲ್ಲ, ಅದನ್ನು ಒತ್ತುವುದು ನನ್ನ ಕೆಲಸ. ಮಧ್ಯಾಹ್ನ ಒಂದರಿಂದ ಮೂರು, ನನ್ನ ಊಟದ ಬಿಡುವು ಮತ್ತು ಅದಕ್ಕೆ ಸೇರಿಸಿಕೊಂಡ ಒಂದು ಗಂಟೆ.

ಗೋಡೆಯ ಆಚೆ ಬಿಸಿಗಾಳಿಯನ್ನು ಹೊರಗೆ ತಳ್ಳುವ ದೊಡ್ಡ ಫ್ಯಾನ್. ಬೆಳಗಿನಿಂದ ಸಂಜೆವರೆಗೆ ಗುಂಯ್ ಎನ್ನುತ್ತದೆ. ಮೊದಲು ಅವನು ಅದರ ಮೇಲೆ ಯುದ್ಧ ಹೂಡಿದ್ದ. ಕಂಬಳಿ ಎರಡು ಪದರವಾಯಿತು, ಮೂರು ಪದರವಾಯಿತು. ಆಮೇಲೊಂದು ದಿನ ಸೋತು ನಕ್ಕ.

"ಅಕ್ಕ, ಈ ಮಹಾರಾಯ ಹೆಂಗೂ ಹಾಡಿನೊಳಗೆ ಬಂದೇ ಬರ್ತಾನೆ. ಕರೀದೇ ಬರೋ ಬದಲು ಕರೆದೇ ಕೂರಿಸ್ಕೊಳ್ಳೋಣ. ಇವತ್ತಿಂದ ಇವನೇ ನನ್ನ ಶ್ರುತಿ. ಇನ್ಮೇಲೆ ಆ ಫ್ಯಾನ್ ಮಾತ್ರ ಮುಟ್ಟಬೇಡ."

ಅಂದಿನಿಂದ ಎಲ್ಲ ವಾದ್ಯಗಳನ್ನೂ ಆ ಫ್ಯಾನಿನ ಸ್ವರಕ್ಕೆ ಹೊಂದಿಸತೊಡಗಿದ. ಲೋಕದ ಪಿಯಾನೋಗಳ ಲೆಕ್ಕದಲ್ಲಿ ಅದು ಸ್ವಲ್ಪ ಕೆಳಗಂತೆ. ಇರಲಿ ಬಿಡು ಎಂದ. ಎಡಗಿವಿಗೆ ಹೆಡ್‌ಫೋನು, ಅದರಲ್ಲಿ ಟೇಪು. ಬಲಗಿವಿ ಖಾಲಿ, ಕೋಣೆಗೆ ಮತ್ತು ಕೈಯಲ್ಲಿರುವ ವಾದ್ಯಕ್ಕೆ. ಅವನು ಕೆಲಸ ಮಾಡುತ್ತಿದ್ದದ್ದೇ ಹಾಗೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಾಲ್ಕು ವರ್ಷದಲ್ಲಿ ಎಂಟು ಹಾಡಾದವು. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಪುಟ್ಟ ರೆಕಾರ್ಡ್ ಕಂಪನಿ ನಡೆಸುವ ಒಬ್ಬ ಮೇಡಂ ಅವನ್ನು ಕೇಳಿ ಸೀದಾ ಲಾಂಡ್ರಿಗೆ ಬಂದರು. ಕೋಣೆಯಲ್ಲಿ ಕಣ್ಣು ಮುಚ್ಚಿ ನಿಂತು, "ಯಾರಾದ್ರೂ ಬುದ್ಧಿವಂತರು ಈ ಗುಂಯ್ ತೆಗೀರಿ ಅಂದ್ರೆ ಒದ್ದು ಓಡ್ಸಿ. ನಿಮ್ಮ ಬ್ಯಾಂಡಲ್ಲಿ ಇರೋ ಎರಡನೇ ಮನುಷ್ಯ ಇದೊಂದೇ" ಎಂದರು. ಇನ್ನೆರಡು ಹಾಡು ಬೇಕು, ಇದೇ ಗುಂಯ್ ಜೊತೆಗೆ, ಈ ತಿಂಗಳ ಕೊನೆಯೊಳಗೆ. ರೆಕಾರ್ಡ್ ಅಚ್ಚು ಹಾಕುವ ಕಾರ್ಖಾನೆಯಲ್ಲಿ ದಿನ ಗೊತ್ತಾಗಿದೆ. ತಪ್ಪಿದರೆ ಮುಂದಿನ ವರ್ಷ. "ಮುಂದಿನ ವರ್ಷ ನಾನೇ ಇರ್ತೀನೋ ಇಲ್ವೋ, ಚಪ್ಪಲಿ ಮಾರ್ತಿರ್ತೀನೋ" ಎಂದು ನಕ್ಕರು. ನಗು ಅಷ್ಟೇನೂ ಗಟ್ಟಿಯಾಗಿರಲಿಲ್ಲ.

ನಲವತ್ತೊಂದರ ವಯಸ್ಸಿನಲ್ಲಿ ಮೊದಲ ಸಲ ರೆಕಾರ್ಡಿನ ಮುಖದ ಮೇಲೆ ಅವನ ಹೆಸರು ಬರುವುದಿತ್ತು. ಎರಡೂ ಹಾಡುಗಳ ಡ್ರಮ್ಸ್ ಮತ್ತು ಬೇಸ್ ಮೊದಲ ವಾರದಲ್ಲೇ ಮುಗಿದವು. "ಇನ್ನೇನು ಗೋಡೆ ಎದ್ದಿದೆ, ಹೆಂಚು ಹೊದಿಸೋದಷ್ಟೇ" ಎಂದ.

ಸೋಮವಾರ ಮೆಕ್ಯಾನಿಕ್ ಬಂದ. ವರ್ಷಕ್ಕೊಮ್ಮೆ ಯಂತ್ರಗಳನ್ನೆಲ್ಲ ನೋಡಿಹೋಗುವವನು. ಫ್ಯಾನಿನ ಮುಚ್ಚಳ ಬಿಚ್ಚಿ ಮೂಗು ಮುಚ್ಚಿಕೊಂಡ. "ಮೇಡಮ್ಮೋರೆ, ಬೆಲ್ಟ್ ಸುಟ್ಟ ವಾಸನೆ. ಜಾರ್ತಾ ಇದೆ ನೋಡಿ. ಬದಲಾಯ್ಸಲಾ?" ಸುಟ್ಟ ವಾಸನೆ ಎಂದ ಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ. ಬೆಂಕಿ ಹತ್ತಿಕೊಂಡರೆ, ಕಂಬಳಿಗಳು, ಆ ಕೋಣೆ, ಟೇಪುಗಳು! ಹಾಕಪ್ಪ ಎಂದೆ, ಚೀಟಿಗೆ ಸಹಿ ಹಾಕಿದೆ. ಹೊಸ ಬೆಲ್ಟು ಬಿತ್ತು. ಹಳೆಯದನ್ನು ಎಸೆಯಲು ಮನಸ್ಸು ಬಾರದೆ ಮೊಳೆಗೆ ನೇತುಹಾಕಿದೆ. ತಮ್ಮ ಹೇಳಿದ್ದ ಮಾತು ನೆನಪಿಗೇ ಬರಲಿಲ್ಲ. ನೆನಪಿಡುವುದೇ ಕೆಲಸವಾಗಿರುವವಳಿಗೆ.

ಮಂಗಳವಾರ ಗಿಟಾರ್ ತುಂಬಿಸಲು ಕೂತ. ನಾನು ಗುಂಡಿ ಒತ್ತಿದೆ. ನಾಲ್ಕು ಮೀಟು ಮೀಟಿ ನಿಲ್ಲಿಸಿದ. ತಂತಿ ಬಿಗಿಮಾಡಿದ. ಮತ್ತೆ. ತಂತಿ ಸಡಿಲಿಸಿದ. ಮತ್ತೆ. ಹೆಡ್‌ಫೋನು ಕಿತ್ತು, ತಲೆ ಒದರಿ, ಹಾಕಿಕೊಂಡು, ಮತ್ತೆ. ಬುಧವಾರವೂ ಅದೇ. ಟೇಪಿಗೆ ಹೊಂದಿಸಿದರೆ ಬಲಗಿವಿ ಒಪ್ಪುವುದಿಲ್ಲ, ಕೋಣೆಗೆ ಹೊಂದಿಸಿದರೆ ಎಡಗಿವಿ ಒಪ್ಪುವುದಿಲ್ಲ. ಗುರುವಾರ ಗಿಟಾರ್ ಬಿಟ್ಟು ಟ್ರಂಪೆಟ್ ಎತ್ತಿಕೊಂಡ. ಶುಕ್ರವಾರ ಏನನ್ನೂ ಎತ್ತಿಕೊಳ್ಳದೆ ಎರಡು ಗಂಟೆ ಆ ಕೋಣೆಯಲ್ಲಿ ಅತ್ತಿಂದಿತ್ತ ನಡೆದ. ಮೂರು ಹೆಜ್ಜೆ ಆಚೆ, ಮೂರು ಹೆಜ್ಜೆ ಈಚೆ.

ಶನಿವಾರ ಲಾಂಡ್ರಿಯ ಹಿಂಬಾಗಿಲ ಮೆಟ್ಟಿಲಲ್ಲಿ ನಿಂತು ಕೇಳಿದ: "ಅಕ್ಕ, ಅಪ್ಪನಿಗೆ ಶುರುವಾದಾಗ ಹೆಂಗಿತ್ತು?"

"ಏನು ಶುರುವಾದಾಗ?"

"ನಾಟಕ ಆಡ್ಬೇಡ. ಕಿವಿ."

ನನಗೆ ನೆನಪಿತ್ತು. ನನಗೆ ಹದಿನಾರು, ಇವನಿಗೆ ಹನ್ನೊಂದು. ಅಪ್ಪನಿಗೆ ನಲವತ್ತೆರಡು. ಸಂಜೆ ಮೌತ್ ಆರ್ಗನ್ ನುಡಿಸುತ್ತಿದ್ದವರು ಒಂದು ದಿನ ಅದನ್ನು ತಿರುಗಿಸಿ ತಿರುಗಿಸಿ ನೋಡಿ, 'ಒಂದು ಕಿವಿ ಒಂದು ಸ್ವರ ಹೇಳುತ್ತೆ, ಇನ್ನೊಂದು ಕಿವಿ ಬೇರೆ ಹೇಳುತ್ತೆ' ಎಂದಿದ್ದರು. ಮಧ್ಯೆ ಒಂದು ತಿಂಗಳು ಸರಿಹೋಗಿತ್ತು; ಅಮ್ಮ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಎರಡು ವರ್ಷದೊಳಗೆ ಪೂರ್ತಿ ಹೋಯಿತು. ಮೌತ್ ಆರ್ಗನ್ ಇವನ ಕೈಗೆ ಬಂತು.

"ನಂಗೂ ಅದೇ ಆಗ್ತಾ ಇದೆ" ಎಂದ. "ಎಡಗಡೆ ಒಂದು, ಬಲಗಡೆ ಒಂದು."

"ಡಾಕ್ಟ್ರ ಹತ್ರ ಹೋಗೋಣ. ನಾಳೇನೇ."

"ಹೋದ್ರೆ ಹೇಳ್ತಾರೆ. ಹೇಳಿದ್ರೆ ಗೊತ್ತಾಗುತ್ತೆ." ಕಂಬಿಯ ಮೇಲೆ ಬೆರಳು ಕುಟ್ಟುತ್ತಲೇ ಇದ್ದ. "ಬೇಡ."

ಅಷ್ಟೆಲ್ಲ ತಿಳಿದವನಿಗೆ ಫ್ಯಾನಿನ ಮೇಲೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ನನ್ನನ್ನೇ ಕೇಳಿಕೊಂಡಿದ್ದೇನೆ. ನಾಲ್ಕು ವರ್ಷ ಅವನು ಪ್ರತಿಯೊಂದು ತಂತಿಯನ್ನೂ ಅದಕ್ಕೇ ಅಳೆದಿದ್ದ. ಅಳತೆಗೋಲನ್ನು ಯಾರು ಅಳೆಯುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಅಪ್ಪನ ಕಿವಿ ಅವನ ಬೆನ್ನ ಹಿಂದೆ ಮೂವತ್ತು ವರ್ಷದಿಂದ ನಿಂತಿತ್ತು. ಅದು ಹೆಗಲ ಮೇಲೆ ಕೈ ಹಾಕಿತು ಎಂದುಕೊಂಡ.

ಜ್ವರ ಬಂದು ವಾರವಿಡೀ ಮನೆಯಲ್ಲಿದ್ದ ಅಪ್ಪ ಮುಂದಿನ ಮಂಗಳವಾರ ಮೇಜಿಗೆ ಮರಳಿದರು. ಟವೆಲು ಮಡಿಸುತ್ತಿದ್ದವರು ನಿಲ್ಲಿಸಿ, ಮೇಜಿನ ಮೇಲೆ ಅಂಗೈ ಊರಿದರು. ಸ್ವಲ್ಪ ಹೊತ್ತು ಹಾಗೇ ಇದ್ದು, ಕಿವಿ ಕೇಳದವರ ಗಟ್ಟಿ ದನಿಯಲ್ಲಿ ಕೂಗಿದರು:

"ಫ್ಯಾನಿಗೆ ಏನು ಮಾಡಿಸ್ದೆ? ಮೇಜು ಬೇರೆ ಥರ ನಡುಗ್ತಾ ಇದೆ. ಚುರುಕಾಗಿದೆ!"

ಕಿವಿಯಿದ್ದ ನಾವು ಯಾರೂ ಒಂದು ವಾರ ಕಾಣದ್ದನ್ನು ಅವರ ಅಂಗೈ ಕಂಡಿತ್ತು. ಮನೆಗೆ ಹೋಗಿ ಸಂಜೆ ತರಗತಿಯ ವಿಜ್ಞಾನದ ನೋಟ್‌ಬುಕ್ ಹುಡುಕಿದೆ. ಬೆಲ್ಟು ಜಾರಿದರೆ ಚಕ್ರ ನಿಧಾನ, ಬಿಗಿಯಾದರೆ ವೇಗ, ವೇಗ ಹೆಚ್ಚಿದರೆ ಸ್ವರ ಏರುತ್ತದೆ. ನನ್ನದೇ ಕೈಬರಹ, ಕೆಳಗೆ ಎರಡು ಗೆರೆ. ಟೇಪಿನಲ್ಲಿರುವುದು ಹಳೇ ಬೆಲ್ಟಿನ ಗುಂಯ್, ಕೋಣೆಯಲ್ಲಿರುವುದು ಹೊಸದರ ಗುಂಯ್. ಒಂದು ಅವನ ಎಡಗಿವಿಗೆ, ಒಂದು ಬಲಗಿವಿಗೆ. ಅವನ ಕಿವಿಗೆ ಏನೂ ಆಗಿರಲಿಲ್ಲ.

ತಕ್ಷಣ ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಹೇಳದಿರುವುದಕ್ಕೆ ಕಾರಣಗಳನ್ನು ಜೋಡಿಸಿಕೊಂಡೆ. ಸ್ವರದ ಗಂಧಗಾಳಿ ಇಲ್ಲದ ನಾನು ಅವನಿಗೆ ಸ್ವರದ ಪಾಠ ಹೇಳುವುದೇ? ನನ್ನ ಲೆಕ್ಕ ತಪ್ಪಾಗಿದ್ದರೆ? ಸುಮ್ಮನೆ ಆಸೆ ಹುಟ್ಟಿಸಿದಂತಾಗುವುದಿಲ್ಲವೇ? ನಿಜವಾದ ಕಾರಣ ಇಷ್ಟು: ಅವನು ಜೀವನದಲ್ಲಿ ನನ್ನ ಹತ್ತಿರ ಕೇಳಿದ್ದು ಒಂದೇ, ಫ್ಯಾನ್ ಮುಟ್ಟಬೇಡ ಎಂದು. ಬಾಯಿಬಿಡದೆ ಹಳೇ ಬೆಲ್ಟನ್ನು ವಾಪಸು ಹಾಕಿಸಿಬಿಟ್ಟರೆ ಎಲ್ಲ ತಾನಾಗಿ ಸರಿಹೋಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ ಎಂದುಕೊಂಡೆ.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಏನಂದ್ರಿ? ಹಳೇದಾ? ಮೇಡಮ್ಮೋರೆ, ಜನ ಹಳೇದು ತೆಗೆದು ಹೊಸದು ಹಾಕು ಅಂತಾರೆ. ನಿಮ್ಮದೇನು ಉಲ್ಟಾ ಸಂಸಾರ?"

"ಸುಮ್ನೆ ಬಂದು ಹಾಕಪ್ಪ."

"ಸುಟ್ಟುಕೊಂಡ್ರೆ ನನ್ನ ಹೆಸರು ಹೇಳ್ಬಾರ್ದು."

"ಹೇಳಲ್ಲ. ಇವತ್ತು ಬರ್ತೀಯಾ?"

"ನಾಳೆ ಗ್ಯಾರಂಟಿ."

ನಾಳೆ ಎಂದವನು ನಾಡಿದ್ದೂ ಬರಲಿಲ್ಲ. ದಿನಕ್ಕೆ ಎರಡು ಸಲ ಫೋನ್ ಮಾಡಿದೆ. ನಾನೇ ಏಣಿ ಹತ್ತಿ ನೋಡಿದೆ. ಮುಚ್ಚಳದ ಒಂದು ಬೋಲ್ಟನ್ನೂ ತಿರುಗಿಸಲಾಗಲಿಲ್ಲ. ತಮ್ಮ ಕೋಣೆಗೆ ಬರುವುದನ್ನೇ ಬಿಟ್ಟ. ಒಂದಕ್ಕೆ ನಾನು ಗುಂಡಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ, ಎರಡಕ್ಕೆ ವಾಪಸು ಬರುತ್ತಿದ್ದೆ. ಮೇಡಂ ಮೂರು ಸಲ ಫೋನ್ ಮಾಡಿದರು.

ಆರನೆಯ ದಿನ, ಸೋಮವಾರ, ಅವನು ಕೌಂಟರಿಗೆ ಬಂದ. ಒಂದು ದೊಡ್ಡ ಬ್ಯಾಂಡು ಆರು ತಿಂಗಳ ಪ್ರವಾಸ ಹೊರಟಿದೆ, ಹಿಂದೆ ನಿಂತು ಎಲ್ಲವನ್ನೂ ಸ್ವಲ್ಪ ಸ್ವಲ್ಪ ನುಡಿಸುವವನು ಕೈಕೊಟ್ಟಿದ್ದಾನೆ, ಇವನನ್ನು ಕರೆದಿದ್ದಾರೆ. "ಗುರುವಾರ ಮೂರು ಗಂಟೆಗೆ ವ್ಯಾನ್ ಇಲ್ಲಿಗೇ ಬರುತ್ತೆ."

"ನಿನ್ನ ಹಾಡು?"

"ಬೇರೆಯವರ ಹಾಡಿಗೆ ಕೈ ಸಾಕು ಅಕ್ಕ. ಕಿವಿ ಅವರದ್ದೇ ಇರುತ್ತೆ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು, ಕೋಟಿನ ಗುಂಡಿ ಎಲ್ಲಿ ಹೋಯಿತು ಎಂದು ಜಗಳ ತೆಗೆದ. ಬಗ್ಗಿ ಗುಂಡಿ ಹುಡುಕಿದೆ. ಎದ್ದಾಗ ತಮ್ಮ ಇರಲಿಲ್ಲ. ಆ ಗಿರಾಕಿಗೆ ನಾನು ಒಳಗೊಳಗೇ ಕೃತಜ್ಞಳಾಗಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮೆಕ್ಯಾನಿಕ್ ಹಲ್ಲು ಕಿರಿದು ಬಂದ. ಹಳೇ ಬೆಲ್ಟನ್ನು ಸತ್ತ ಹಾವಿನಂತೆ ಎರಡು ಬೆರಳಲ್ಲಿ ಹಿಡಿದು, ಗೊಣಗುತ್ತಾ ಹಾಕಿದ. ಅಪ್ಪ ಮೇಜಿನ ಮೇಲೆ ಕೈಯಿಟ್ಟು ನನ್ನತ್ತ ತಿರುಗಿ, "ಸರಿಹೋಯ್ತು!" ಎಂದು ಕೂಗಿದರು.

ಒಂದು ಗಂಟೆಗೆ ತಮ್ಮ ಸಾಮಾನು ಕಟ್ಟಲು ಬಂದ. ಹೊಸ್ತಿಲಲ್ಲೇ ನಿಂತ. ತಲೆ ಒಂದು ಕಡೆ ವಾಲಿಸಿದ. ಚೀಲ ಕೆಳಗಿಟ್ಟು, ಹೆಡ್‌ಫೋನನ್ನು ಎಡಗಿವಿಗೆ ಹಾಕಿ, ಗಿಟಾರ್ ಎತ್ತಿಕೊಂಡು ನನ್ನತ್ತ ಬೆರಳಾಡಿಸಿದ. ಒತ್ತು ಎಂದು. ಒತ್ತಿದೆ. ಒಂಬತ್ತನೆಯ ಹಾಡು ಮೊದಲಿನಿಂದ ಕೊನೆಯವರೆಗೆ ಎಲ್ಲೂ ನಿಲ್ಲದೆ ಹೋಯಿತು.

"ಅಕ್ಕ! ಬಂತು! ಕಿವಿ ವಾಪಸ್ ಬಂತು!" ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದ. ಆಮೇಲೆ ಅವನ ಮುಖ ನಿಧಾನವಾಗಿ ಇಳಿಯಿತು. "ಅಪ್ಪನಿಗೂ ಹೀಗೇ ಒಂದ್ಸಲ ವಾಪಸ್ ಬಂದಿತ್ತು, ಅಲ್ವಾ? ಹೋಗೋಕೆ ಮುಂಚೆ."

ಇದೊಂದನ್ನು ನಾನು ಯೋಚಿಸಿರಲಿಲ್ಲ. ಮೂರು ಸಲ, ನಾಲ್ಕು ಸಲ ಎಲ್ಲವನ್ನೂ ನೋಡುವ ನಾನು ಇದನ್ನು ನೋಡಿರಲಿಲ್ಲ. ಬಾಯಿಮುಚ್ಚಿ ಸರಿಮಾಡಿದ್ದು ಅವನಿಗೆ ಗುಣವಾದಂತೆ ಕಾಣಲಿಲ್ಲ, ರೋಗದ ಎರಡನೇ ಹೆಜ್ಜೆಯಂತೆ ಕಂಡಿತು.

ಹೇಳಿದೆ. ಮೆಕ್ಯಾನಿಕ್, ಸುಟ್ಟ ವಾಸನೆ, ಸಹಿ, ಅಪ್ಪನ ಅಂಗೈ, ನೋಟ್‌ಬುಕ್, ಎಲ್ಲ. ಮಾತುಗಳು ಒಂದರ ಮೇಲೊಂದು ಬಿದ್ದವು. ಅವನು ಗೋಡೆಯ ಕಂಬಳಿಯನ್ನೇ ನೋಡುತ್ತಿದ್ದ.

"ಯಾವತ್ತಿಂದ ಗೊತ್ತು ನಿಂಗೆ?"

"ಹೋದ ವಾರ ಮಂಗಳವಾರದಿಂದ."

ಬೆರಳು ಮಡಚಿ ಎಣಿಸಿದ. "ಒಂಬತ್ತು ದಿನ."

"ಹೂಂ."

"ಸೋಮವಾರ ನಾನು ಕೌಂಟರ್ ಹತ್ರ ಬಂದಾಗ್ಲೂ ಗೊತ್ತಿತ್ತು."

"ಗೊತ್ತಿತ್ತು ಕಣೋ."

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಗಡಿಯಾರ ನೋಡಿದ. "ಒಂದೂ ಇಪ್ಪತ್ತು. ಗುಂಡಿ ಹತ್ರ ಹೋಗು" ಎಂದ.

ಕೀಬೋರ್ಡ್ ಆಯಿತು, ದನಿ ಆಯಿತು. ಒಂದು ತಪ್ಪಿಗೆ ಮಾತ್ರ ಹಿಂದೆ ಹೋದೆವು, ಅದೂ ನಾನು ಗುಂಡಿ ತಡವಾಗಿ ಒತ್ತಿದ್ದಕ್ಕೆ. ಟ್ರಂಪೆಟ್ಟಿನ ಕೊನೆಯ ಸ್ವರ ಎಳೆಯುತ್ತಿದ್ದಾಗ ಹೊರಗೆ ವ್ಯಾನು ಹಾರನ್ ಹೊಡೆಯಿತು. ಅದೂ ಟೇಪಿಗೆ ಹೋಯಿತು. ಉಳಿದದ್ದು ಹತ್ತನೆಯ ಹಾಡು. ತಿಂಗಳು ಮುಗಿಯಲು ಇನ್ನೂ ಎರಡು ದಿನವಿತ್ತು.

ಬ್ಯಾಂಡಿನ ಮುಖ್ಯಸ್ಥ ಹಿಂಬಾಗಿಲಿಗೆ ಬಂದು ಇಣುಕಿದ. "ಏಳುಕೈ, ಬರ್ತೀಯೋ, ಇಲ್ಲ ಟವೆಲ್ ಮಡಿಸ್ಕೊಂಡು ಇರ್ತೀಯೋ?"

ತಮ್ಮ ಸ್ಟೂಲಿನ ಮೇಲೆ ಕೂತಿದ್ದ. ಅವನ ಬಲ ಮೊಣಕಾಲು ಅಲ್ಲಾಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ, ಅದು ನಿಂತದ್ದನ್ನು ಕಂಡದ್ದು ಅದೊಂದೇ ಸಲ. ಆಮೇಲೆ ಎದ್ದ.

"ಮಾತು ಕೊಟ್ಬಿಟ್ಟಿದೀನಿ ಅಕ್ಕ."

ಹೋಗುವಾಗ ಅಪ್ಪನ ಮೇಜಿನ ಹತ್ತಿರ ನಿಂತು, ಅವರ ಕೈಯ ಪಕ್ಕದಲ್ಲಿ ತನ್ನ ಅಂಗೈ ಊರಿದ. ಇಬ್ಬರೂ ಒಂದು ನಿಮಿಷ ಹಾಗೇ ಇದ್ದರು. ತಮ್ಮ ನನ್ನ ಕಡೆ ತಿರುಗಲಿಲ್ಲ.

ಒಂಬತ್ತು ಹಾಡಿನ ರೆಕಾರ್ಡು ಬಂತು. ಮುಖದ ಮೇಲೆ ಅವನ ಹೆಸರಿದೆ. ಎಷ್ಟು ಮಾರಾಟವಾಯಿತೋ ತಿಳಿಯದು. ಮೇಡಂ ಇನ್ನೂ ಚಪ್ಪಲಿ ಮಾರುತ್ತಿಲ್ಲ. ಹತ್ತನೆಯದರ ಟೇಪು ಕೋಣೆಯಲ್ಲೇ ಇದೆ, ಡ್ರಮ್ಸ್ ಮತ್ತು ಬೇಸ್ ಮಾತ್ರ. ಅವನು ಹೋದ ಐದನೇ ವಾರ ಹಳೇ ಬೆಲ್ಟು ತುಂಡಾಯಿತು. ಹೊಸದು ಹಾಕಿಸಲೇಬೇಕಾಯಿತು. ಆರು ತಿಂಗಳ ಪ್ರವಾಸ ಹದಿನಾಲ್ಕು ತಿಂಗಳಾಯಿತು, ಅದು ಮುಗಿಯುವ ಮೊದಲೇ ಇನ್ನೊಂದು ಬ್ಯಾಂಡು ಕರೆಯಿತು. ಇದು ಇಪ್ಪತ್ತೊಂದನೆಯದು.

ಹೋದ ವಾರ ಫೋನ್ ಮಾಡಿದ್ದ. ಫ್ಯಾನ್ ಹೆಂಗಿದೆ ಎಂದ. ಬೆಲ್ಟು ತುಂಡಾದದ್ದನ್ನು ಈ ಸಲ ಮುಚ್ಚಿಡದೆ ಹೇಳಿದೆ. ಆ ಕಡೆ ಬೆರಳು ಯಾವುದರ ಮೇಲೋ ಕುಟ್ಟುವ ಸದ್ದು ಬರುತ್ತಿತ್ತು. ಅಪ್ಪ ಹೆಂಗಿದ್ದಾರೆ ಎಂದು ಕೇಳಿ ಇಟ್ಟುಬಿಟ್ಟ. ಹತ್ತನೆಯ ಹಾಡಿನ ಮಾತೆತ್ತಲಿಲ್ಲ. ಡಾಕ್ಟರಿಗೊಮ್ಮೆ ಕಿವಿ ತೋರಿಸಿ ಆ ಭಯ ಕಳೆದುಕೊಂಡೆಯಾ ಎಂದು ನಾನೂ ಕೇಳಲಿಲ್ಲ.

ಆ ಮಂಗಳವಾರವೇ ನಾನು ಬಾಯಿಬಿಟ್ಟಿದ್ದರೆ ಅವನು ವ್ಯಾನ್ ಹತ್ತುತ್ತಿರಲಿಲ್ಲವೋ, ಅಥವಾ ತನ್ನದೇ ರೆಕಾರ್ಡಿನ ಮುಂದೆ ಒಬ್ಬನೇ ನಿಲ್ಲುವುದಕ್ಕಿಂತ ಬೇರೆಯವರ ಹಿಂದೆ ನಿಲ್ಲುವುದೇ ಅವನಿಗೆ ಬೇಕಾಗಿತ್ತೋ, ಕೊಟ್ಟ ಮಾತು ಬರೀ ನೆಪವೋ, ನನಗೆ ಗೊತ್ತಿಲ್ಲ. ಅವನಿಗಾದರೂ ಗೊತ್ತಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.